ಬಟ್ಟೆ ಸಿಕ್ಕಿಕೊಂಡ ಜಾಗ

ಭಿತ್ತಿಪತ್ರ ಅಂಟಿಸಿದವನು ನಾನೇ.
ಟಿಬಿಲಿಸಿಯಿಂದ ಸುರುಳಿಯಾಗಿ ಬಂದಿದ್ದವು, ಹನ್ನೊಂದು.
ರೋಪ್‌ವೇ ನಿಲ್ದಾಣದ ತೇವದ ಗೋಡೆ ಅಂಟು ಹಿಡಿಯಲಿಲ್ಲ,
ಮೊಳೆ ಹೊಡೆದೆ,
ಹಾರುವ ಹದ್ದಿನ ರೆಕ್ಕೆಗೇ ಎರಡು.

ನೂರಕ್ಕೆ 110 ಕೊಡು, ಎನ್ನುತ್ತಿತ್ತು ಹದ್ದು.
ಭಯ ಇರುವುದು ಬರೀ ಮನಸ್ಸಿನಲ್ಲಿ, ಇನ್ನೊಂದು.
ನನಗೆ ಇಷ್ಟವೇ ಆಗಿತ್ತು, ಸುಳ್ಳೇಕೆ?
ಬೆಳಗಿನ ಐದೂವರೆಗೆ, ಮ್ಯಾಂಗನೀಸ್ ಗಣಿಯ ಮೊದಲ ಪಾಳಿಗೆ,
ತೊಟ್ಟಿಲ ಬಾಗಿಲೆಳೆದು ಚಿಲಕ ಹಾಕಿ
ಇಪ್ಪತ್ತು ಜನರನ್ನು, ಒಮ್ಮೊಮ್ಮೆ ಇಪ್ಪತ್ತೆರಡನ್ನು,
ಗಾಳಿಗೆ ಒಪ್ಪಿಸುವವನಿಗೆ
ಯಾರಾದರೂ ಏನಾದರೂ ಹೇಳಿದರೆ ಸಾಕು ಅನಿಸುತ್ತದೆ.

ಲಮಾರಾ ಓದಿದಳು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು.
"ಯಾವುದರ ನೂರಹತ್ತು?" ಅಂದಳು.
ಕುಹಕವಲ್ಲ. ಹಗ್ಗದ ಲೆಕ್ಕದ ಹೆಂಗಸು ಅವಳು.
ನೂರು ಅಂದರೆ ಅವಳಿಗೆ ಒಂದು ತೂಕ,
ಅದರಾಚೆಯ ಹತ್ತು ಅಂದರೆ
ಕೆಳಗೆ ನದಿ.

ಅವಳ ಕೆಲಸದಲ್ಲಿ ನೋಡಲು ಏನೂ ಇಲ್ಲ.
ಗಂಡನ ಹಳೆಯ ಅಂಗಿಯ ತೋಳನ್ನು
ಉಕ್ಕಿನ ಹಗ್ಗಕ್ಕೆ ಸುತ್ತಿ ಸಡಿಲವಾಗಿ ಹಿಡಿಯುತ್ತಾಳೆ.
ಹಗ್ಗ ಬಸವನಹುಳುವಿನ ಹಾಗೆ ಸರಿಯುತ್ತದೆ.
ಎಲ್ಲಿ ಬಟ್ಟೆ ಸಿಕ್ಕಿಕೊಂಡಿತೋ
ಅಲ್ಲಿ ಸಣ್ಣ ತಂತಿಯೊಂದು ತುಂಡಾಗಿ ಮುಳ್ಳೆದ್ದಿದೆ.
ನಿಲ್ಲಿಸು, ಎನ್ನುತ್ತಾಳೆ. ಸೀಮೆಸುಣ್ಣದ ಗೀಟು. ನಡೆಸು.
ಮುಂಜಾನೆ ಪೂರ್ತಿ ಇಷ್ಟೇ.

ಒಂದು ಹೊರಳಿಗೆ ಆರು ತುಂಡಾದರೆ ಹಗ್ಗ ಬದಲಿಸಬೇಕು, ನಿಯಮ.
ಆ ಶುಕ್ರವಾರ ಸಿಕ್ಕಿದ್ದು ಐದು.

ಮ್ಯಾನೇಜರ್ ಗೊಚಾ ನಕ್ಕ. "ಆರಕ್ಕೆ ಒಂದು ಕಡಿಮೆಯೇ ಇದೆ!
ಒಳ್ಳೆಯದನ್ನು ನೋಡು ಲಮಾರಾ."
ಅದೂ ಗೋಡೆಯ ಮೇಲಿತ್ತು, ಸೂರ್ಯಕಾಂತಿಯ ಕೆಳಗೆ.
"ನೋಡುತ್ತಲೇ ಇದ್ದೇನೆ," ಅಂದಳು.
"ಚಳಿಗಾಲವೆಲ್ಲ ಎರಡೇ ಇತ್ತು. ಈ ಒಂದು ತಿಂಗಳಲ್ಲಿ ಐದು.
ನೀನು ಇನ್ನೆಷ್ಟು ಮೆಟ್ಟಿಲು ಉಳಿದಿದೆ ಎಂದು ಎಣಿಸುತ್ತೀ.
ನಾನು ಉರುಳುವವನ ವೇಗ ನೋಡುತ್ತೇನೆ."

ಗೊಚಾ ಕೆಟ್ಟವನಲ್ಲ.
ಅವನ ಮಗಳೂ ಇದೇ ತೊಟ್ಟಿಲಲ್ಲಿ ಶಾಲೆಗೆ ಹೋಗುತ್ತಾಳೆ.
ಅದಕ್ಕೇ ಇರಬೇಕು, ನಂಬಲು ಅವನಿಗೆ ಅಷ್ಟು ಅವಸರ.

ನಾನು ಅವಳ ಪರ ವಹಿಸಲು ಹೋದೆ.
"ಹಗ್ಗ ಸುಳ್ಳು ಹೇಳೋಲ್ಲ," ಅಂದೆ. ಅವಳೇ ಕಲಿಸಿದ ಮಾತು.
ನನ್ನ ಕಡೆ ತಿರುಗಿದಳು.
"ಹೇಳುತ್ತೆ. ಒಳಗೊಳಗೇ ತುಕ್ಕು ತಿಂದು
ಮೇಲೆ ಎಣ್ಣೆ ಸವರಿಕೊಂಡು ಮಿರಮಿರ ಮಿಂಚುತ್ತೆ.
ನನಗೆ ಕೆಲಸ ಕಲಿಸಿದ ಮುದುಕ ಹೇಳಿದ್ದ ಮಾತು ಅದು,
ಕೇಳಲು ಚೆನ್ನಾಗಿತ್ತು.
ಇಪ್ಪತ್ತು ವರ್ಷ ಅದರ ಮೇಲೆ ಬಟ್ಟೆ ಆಡಿಸಲೇ ಇಲ್ಲ ನಾನು."
ಹಾಗೆಂದು, ಒಳಗನ್ನು ನೋಡುವ ಯಂತ್ರ ಬೇಕೆಂದು
ಕುಟೈಸಿಗೆ ಅರ್ಜಿ ಬರೆದಳು,
ಸ್ವಿಚ್ಚಿಗೆ ಬೀಗ ಜಡಿದು ಕೀಲಿಯನ್ನು ಕೊರಳಿಗೆ ಹಾಕಿಕೊಂಡಳು.

ಒಂಬತ್ತು ದಿನ.
ಜೋಳದ ಹಿಟ್ಟಿನ ಚೀಲ ಹೊತ್ತು ಹೆಂಗಸರು ಬೆಟ್ಟ ಹತ್ತಿದರು.
ಪಾಳಿಗೆ ತಡವಾದವರ ಕೂಲಿ ಕಡಿತವಾಯಿತು, ಅದು ನಿಜ,
ಅದರಲ್ಲಿ ನನ್ನ ತಮ್ಮನೂ ಒಬ್ಬ.
ಲಮಾರಾ ಕೂಡ ಹತ್ತಿದಳು, ಮಂಡಿ ಹಿಡಿದುಕೊಂಡು,
ಮುದುಕಿ ನುನುವಿನ ಶಾಪದ ಹಿಂದೆ ಹಿಂದೆ.

ಯಂತ್ರ ಬಂತು. ಕಾಗದದ ಮೇಲೆ ಗೀರುಗಳು ಬಂದವು.
ಇಬ್ಬರು ಇಂಜಿನಿಯರುಗಳು ಎರಡು ಥರ ಓದಿದರು.
ವಾದ ಮುಗಿಯುವ ಮೊದಲೇ ಹಗ್ಗ ಬದಲಾಯಿತು.

"ಹಳೆಯದು ಹರಿಯುತ್ತಿತ್ತಾ?" ಕೇಳಿದೆ.
"ಗೊತ್ತಿಲ್ಲ," ಅಂದಳು, ಬಟ್ಟೆ ಹಿಂಡುತ್ತಾ.
ಹೊರಗೆ ಹೋಗಿ ಹನ್ನೊಂದನ್ನೂ ಓದಿದೆ.
ಆ ಮಾತು ಒಂದರಲ್ಲೂ ಇರಲಿಲ್ಲ.

ಹದ್ದು ಈಗಲೂ ಇದೆ.
ತೇವಕ್ಕೆ ಕಾಗದ ಸಿಪ್ಪೆ ಎದ್ದು ಸೊನ್ನೆ ಉದುರಿದೆ,
ನೂರಕ್ಕೆ 11 ಕೊಡು, ಎನ್ನುತ್ತದೆ ಗಂಭೀರವಾಗಿ.
ನಾನು ಸರಿಮಾಡಿಲ್ಲ.

ಮೊನ್ನೆ ಇಪ್ಪತ್ತೊಂದನೆಯವನೊಬ್ಬ ಓಡಿಬಂದ,
ಬೂಟಿನ ದಾರ ಕಟ್ಟಿಕೊಳ್ಳುತ್ತಾ.
ಮುಂದಿನದಕ್ಕೆ ಬಾ, ಅಂದೆ.
ಬೈದ.