ಕಚ್ಚು

ರಾತ್ರಿ ಒಂದೂವರೆ. ಸೂರ್ಯ ಇನ್ನೂ ಗುಡ್ಡದ ಮೇಲೆ,
ಹೊರಡಲು ಮನಸ್ಸಿಲ್ಲದ ನೆಂಟನ ಹಾಗೆ.
ದೊಡ್ಡಿಯೊಳಗೆ ಎಂಟುನೂರು ಹಿಮಸಾರಂಗ
ಎಡಕ್ಕೇ ಸುತ್ತುತ್ತಿವೆ, ಕಾಲ ನರ ಲಟಲಟ ಅನ್ನುತ್ತ.
ನಡುವೆ ನಿಂತವರಿಗೆ ನಾವೇ ತಿರುಗಿದಂತೆ.

'ಗುರುತೇ ಸಿಗಲಿಲ್ಲ' ಅಂದ ಯೋವ್ನಾ ಮಾವ.
ಹನ್ನೊಂದು ವರ್ಷ. ಟ್ರೊಮ್ಸೊದ ಹಲ್ಲಿನ ಆಸ್ಪತ್ರೆಯಲ್ಲಿ
ನಾನು 'ನಮ್ಮ ಸಾಮಿ ಹುಡುಗಿ'.
ಇಲ್ಲಿ, ಪೇಟೆಯವಳು.

ಕರುಗಳ ಕೊರಳಿಗೆ ನಂಬರಿನ ಬಿಲ್ಲೆ ಕಟ್ಟಿ ಬಿಟ್ಟು
ಎಲ್ಲರೂ ತೆಪ್ಪಗೆ ಕೂತೆವು.
ಯಾವುದು ಯಾವ ತಾಯಿಯ ಹಿಂದೆ ಹೋಗುತ್ತದೆ ನೋಡಬೇಕು,
ತಾಯಿಯ ಕಿವಿ ಓದಬೇಕು, ಕಿವಿಯಿಂದ ಒಡೆಯ.
ದುರ್ಬೀನು ಕೈಯಿಂದ ಕೈಗೆ. ಕಾಫಿ ಆರಿತು.
ಮೂವತ್ತೆಂಟು ಮಾತ್ರ
ಹಿಂಡನ್ನು ಅಡ್ಡಡ್ಡ ಸೀಳುತ್ತ ಓಡಿತು,
ಸಿಕ್ಕಸಿಕ್ಕ ಹೊಟ್ಟೆ ಮೂಸಿ, ಒದೆಸಿಕೊಂಡು,
ಮತ್ತೆ ಮೂಸಿ.
'ಪೇಟೆಗೆ ಹೋಗಿಬಂದಿರಬೇಕು' ಅಂದಳು ಗಾರೆನ್.
ಎಲ್ಲರೂ ನಕ್ಕರು. ನಾನೂ.

ನನ್ನ ಗುರುತು ನಾನು ಆರಿಸಿದ್ದಲ್ಲ.
ಹಲ್ಲು ಹುಟ್ಟುವ ಮೊದಲೇ ರಿಜಿಸ್ಟರಿನಲ್ಲಿ ಬರೆಸಿದ್ದರು:
ಅಜ್ಜಿಯದೇ, ಎಡಗಿವಿಯ ಹಿಂಬದಿ ಒಂದು ಕಚ್ಚು ಹೆಚ್ಚು.
ಅಜ್ಜಿಯದು, ಅವಳ ಚಿಕ್ಕಪ್ಪನದಕ್ಕಿಂತ ಒಂದು ಕಡಿಮೆ;
ಅದೀಗ ಗಾರೆನ್‌ಳದು.
ಹೀಗೆ ಒಬ್ಬರಿಂದೊಬ್ಬರು ಒಂದು ಕಚ್ಚಿನಷ್ಟು ದೂರ.
ಒಂದೇ ಆದರೆ ಜಗಳ. ಪೂರಾ ಬೇರೆಯಾದರೆ
ಯಾರ ಪೈಕಿ ಅನ್ನುತ್ತಾರೆ.

ಮೂರು ಗಂಟೆಗೆ ಮೂವತ್ತೆಂಟು ನಿಂತಿತು.
ಒಂಟಿಕೋಡಿನ ಮುದಿ ತಾಯಿ; ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಿತು.
'ಕಿವಿ! ಕಿವಿ ನೋಡು!'
ಗಾರೆನ್‌ಳದು.
ಅವಳು ಕರುವನ್ನು ಮಂಡಿಯಡಿ ಒತ್ತಿ ಹಿಡಿದು
ಚಾಕು ನನ್ನ ಕಡೆ ಚಾಚಿದಳು:
'ನಿನ್ನ ಕೈ ನಡುಗುವುದಿಲ್ಲ. ನೀನೇ ಹಾಕು.'

ತುದಿ ಹೋಯಿತು. ಒಂದು ಕಚ್ಚು. ಇನ್ನೊಂದು.
ಕೈ ತನ್ನಷ್ಟಕ್ಕೆ ಮುಂದೆ ಸರಿಯಿತು.
'ಸಾಕು, ಸಾಕು! ಅಲ್ಲಿಗೆ ನಾನು.
ಇನ್ನೊಂದು ಹಾಕಿದರೆ ನೀನು.'

ಚಾಕು ಒರೆಸಿದೆ. ಕರು ತಲೆ ಕೊಡವಿ ಎದ್ದು
ಸುತ್ತುವ ಕಾಲುಗಳೊಳಗೆ ಸೇರಿಹೋಯಿತು.

ಬೆಳಗಿಗೆ ಲೆಕ್ಕ. ಕರುವಿಗೊಂದರಂತೆ
ಕಿವಿಯ ತುದಿಗಳನ್ನು ಹಲಗೆಯ ಮೇಲೆ ಸುರಿದೆವು.
ಕಳಚಿದ ಮೇಲೆ ಎಲ್ಲ ತುಂಡೂ ಒಂದೇ,
ಮೆತ್ತಗೆ, ನವುರು ಕೂದಲು, ಯಾರದೂ ಇರಬಹುದು.
ಗುರುತು ಅಲ್ಲೇ, ಕಿವಿಯಲ್ಲೇ ಉಳಿದಿತ್ತು
ಗಾಳಿ ಹಾದುಹೋಗುವಷ್ಟು ಖಾಲಿಯಾಗಿ.

ಒಂದು ಕಡಿಮೆ ಬಂತು.
ಮಾವ ಕನ್ನಡಕ ಹಾಕಿ ಮತ್ತೆ ಎಣಿಸಿದ.
ಗಾರೆನ್ ನನ್ನ ಜೇಬನ್ನೇ ನೋಡಿದಳು,
ಅದರೊಳಗೆ ಆಡುವ ಬೆರಳನ್ನು,
ಏನೂ ಅನ್ನದೆ, ಕಾಫಿಯ ಕೆಟಲು ಒಲೆಗಿಟ್ಟಳು.