ಸಾರಿನ ನಕ್ಷೆ

ಹಾಳೆಯ ನಡುವೆ ಒಂದೇ ಒಂದು ಪದ ಬರೆ,
ಅದಕ್ಕೊಂದು ವೃತ್ತ ಸುತ್ತು,
ಆಮೇಲೆ ಕವಲು, ಕವಲಿಗೊಂದು ಬಣ್ಣ:
ಇದು ನಮ್ಮ ಡಿಯೆಪ್ ಟೀಚರ ಕಟ್ಟಳೆ.
ಹುವೆಯ ರಾಜರೆಲ್ಲ ಹೀಗೇ ನನ್ನ ನೋಟ್‌ಬುಕ್ಕಿನಲ್ಲಿ
ಜೇಡರ ಹುಳದ ಕಾಲು ಹಿಡಿದು ನೇತಾಡುತ್ತಿದ್ದಾರೆ.
ನಾಡಿದ್ದು ಪರೀಕ್ಷೆ.

ಥ್ವಾಯ್ ಅಜ್ಜಿ ಜಾವದ ಮೂರಕ್ಕೆ ಒಲೆ ಹಚ್ಚುವವಳು,
ಮೂಳೆ ಕುದಿಯುವ ತನಕ ಮಾತಿಲ್ಲ.
"ಇದನ್ನೂ ಹಾಗೇ ಬರೆದಿಡು," ಅಂದಳು ನಿನ್ನೆ,
"ನನ್ನ ಕೈ ನಡುಗುತ್ತೆ. ನಿಮ್ಮಮ್ಮನಿಗೆ ಉಪ್ಪು ತಿಳಿಯದು."

ಬರೆದೆ. ನಡುವೆ: ಸಾರು. ಕೆಂಪು ವೃತ್ತ.
ಒಂದು ಕವಲು ಮೂಳೆಗೆ, ಒಂದು ಮಜ್ಜಿಗೆಹುಲ್ಲಿಗೆ,
ಒಂದು ಸಿಗಡಿ ಗೊಜ್ಜಿಗೆ. ಇಲ್ಲಿತನಕ ಸಲೀಸು.

"ಎಷ್ಟು ಹುಲ್ಲು?"
"ಮಳೆಗಾಲದ್ದೋ, ಬೇಸಗೆಯದ್ದೋ?"
ಸರಿ, ಹುಲ್ಲಿನಿಂದ ಮಳೆಗೊಂದು ಗೆರೆ.
"ಗೊಜ್ಜು?"
"ಕಡಲ ಕಡೆಯ ಮುದುಕಿ ಲ್ಯೂ ಮಾಡಿದ್ದು. ಅವಳು ಸತ್ತ ಮೇಲೆ
ಸೊಸೆಯದು. ಧಾರಾಳ ಕೈ, ಉಪ್ಪು ಜಾಸ್ತಿ."
ಗೊಜ್ಜಿನಿಂದ ಸತ್ತವಳಿಗೆ, ಸತ್ತವಳಿಂದ ಉಪ್ಪಿಗೆ.
"ಮೂಳೆ?"
"ಕಟುಕ ಫುಕ್‌ನದು. ನೆರೆ ಬಂದ ವರ್ಷ ಅವನಪ್ಪ
ಮಾಡಿನ ಮೇಲೆ ಕೂತ ನಮಗೆ ದೋಣಿಯಲ್ಲಿ
ಅರ್ಧ ಹಂದಿ ತಂದಿದ್ದ. ಆ ಸಾಲ ಇನ್ನೂ ತೀರಿಲ್ಲ."
ಮೂಳೆಯಿಂದ ದೋಣಿಗೆ. ದೋಣಿಯಿಂದ ಎಲ್ಲಿಗೆ?
ಹಾಳೆ ಮುಗಿಯಿತು. ಗಂಜಿ ಹಚ್ಚಿ ಇನ್ನೊಂದು ಅಂಟಿಸಿದೆ.

"ಉಪ್ಪು ಯಾವಾಗ ಹಾಕೋದು?"
ಅಜ್ಜಿ ಸೌಟು ನಿಲ್ಲಿಸಿದಳು.
"ಹದ ನೋಡಿಕೊಂಡು."

ಹದ.
ಅದಕ್ಕೆ ಯಾವ ಬಣ್ಣ?
ಮುಚ್ಚಳ ತೆಗೆದಾಗ ಅವಳ ಮೂಗು ಅರಳುವುದು,
ಸೇತುವೆಯ ಮೇಲೆ ಮೊದಲ ಸೈಕಲ್ಲಿನ ಸದ್ದು,
ಹೊಗೆ ಎಡಕ್ಕೆ ವಾಲಿದರೆ ಇನ್ನೊಂದು ಸೌದೆ,
ಒಂದೊಂದಕ್ಕೂ ಎಳೆದೆ.
ಗೆರೆಗೆ ಗೆರೆ ತೊಡರಿ, ಹಸಿರು ಖಾಲಿಯಾಗಿ,
ಪೆನ್ಸಿಲ್ಲೇ ಗತಿಯಾಯಿತು.

ಅಜ್ಜಿ ಬಗ್ಗಿ ನೋಡಿದಳು, ಬಹಳ ಹೊತ್ತು.
"ಮೀನಿನ ಬಲೆ ಇದು," ಅಂದಳು, "ಹರಿದದ್ದು.
ಇಲ್ಲಿ ಹೊಲಿ."
ಬೆರಳು ದೋಣಿಗೂ ಮಳೆಗೂ ನಡುವೆ.
ಅಲ್ಲಿ ಏನಿತ್ತು, ಯಾರಿದ್ದರು, ಹೇಳಲಿಲ್ಲ.
ಅಷ್ಟರಲ್ಲಿ ಗಿರಾಕಿ. ಬಟ್ಟಲಿಡಲು ಜಾಗವಿಲ್ಲದೆ
ನಕ್ಷೆಯ ಮೇಲೇ ಇಟ್ಟಳು.

ಪರೀಕ್ಷೆಗೆ ರಾಜರು ಸಾಲಾಗಿ ಬಂದರು, ಹತ್ತಕ್ಕೆ ಎಂಟು.
ಈ ಹಾಳೆ ಅಡುಗೆಮನೆಯ ಗೋಡೆ ಸೇರಿತು.
'ಸಾರು' ಅಂತ ಬರೆದದ್ದು ಎಣ್ಣೆಗೆ ಅಳಿಸಿದೆ.
ಬಟ್ಟಲ ತಳದ ಉಂಗುರ ಉಳಿದಿದೆ,
ದೋಣಿಯ ಪಕ್ಕ, ಮೂಲೆಗೆ ಸ್ವಲ್ಪ ಸರಿದು.

ಅಮ್ಮ ಈಗ ಜಾವಕ್ಕೆ ಎದ್ದು
ಉಪ್ಪಿನ ಡಬ್ಬಿ ಹಿಡಿದು ಅದರೆದುರು ನಿಲ್ಲುತ್ತಾಳೆ,
ಯಾವ ಕಡೆಯಿಂದ ಒಳಗೆ ಹೋಗಲೇ
ಅಂತ ನನ್ನ ಕೇಳುತ್ತಾಳೆ.