ಕೈ ಎಂದರೆ

ಡೀಸೆಲ್ ಚೀಟಿಯ ಬೆನ್ನಿಗೆ ಬರೆದು ತಂದ ಪಾಲಾಕ್ಷ,
ಅಕ್ಷರ ಓರೆ, ಮೂಲೆಯಲ್ಲಿ ಎಣ್ಣೆ ಕಲೆ:
ಕೈಲಾನಿ.
"ಅಕ್ಕಾ, ತೊಟ್ಟಿಲ ದಿನ ಕಿವಿಯಲ್ಲಿ ಹೇಳೋಳು ನೀನೇ,
ಈಗಿಂದಲೇ ಬಾಯಿಪಾಠ ಮಾಡು."

ಯಾವ ದೇವರೋ ಇದು, ಕೇಳಿದೆ.
ದೇವರಲ್ಲ, ದ್ವೀಪದ ಮಾತು. ಹವಾಯಿ.
ಹವಾಯಿ ಎಂದರೆ ನನಗೆ ಗೊತ್ತಿದ್ದದ್ದು
ನೀಲಿ ಪಟ್ಟಿಯ ಚಪ್ಪಲಿ,
ಉಂಗುಟ ಕಿತ್ತರೆ ಪಿನ್ನು ಚುಚ್ಚಿ ಮತ್ತಾರು ತಿಂಗಳು.
"ಅಲ್ಲಿ ಕೈ ಎಂದರೆ ಕಡಲು, ಲಾನಿ ಎಂದರೆ ಬಾನು"
ಎಂದವನೇ ಜೀಪಿಗೆ ನೀರು ಹಾಕಲು ಹೋದ.

ಅವ್ವನಿಗೆ ಕೇಳಿಸಿದ್ದು ಕೈಲಾಸ.
ಸದ್ಯ, ಶಿವನ ಮನೆ ಎಂದು ಮೊರ ಕೊಡವಿದಳು.
ಪಕ್ಕದ ಮನೆ ಹುಡುಗರಿಗೆ, ಕೈಲಿ ಆನೆ.
ನನ್ನ ಗಂಡ ನಕ್ಕ: ಕೈಲಾಗದೋರು ಇಡೋ ಹೆಸರು.

ನಾನು ಐಮಂಗಲದ ರಸ್ತೆ ಬದಿ ದಿಂಬು ಹೊಲಿಯುವವಳು.
ಬೂರುಗದ ಅರಳೆ ಮೂಗಿಗೆ ಹತ್ತಿ ಎಂಟು ವರ್ಷದ ಕೆಮ್ಮು.
ಕಂಡ ದೊಡ್ಡ ನೀರೆಂದರೆ ಮಾರಿಕಣಿವೆ,
ಹೆಸರಿಗೆ ಅದೂ ಸಾಗರವೇ,
ಆಚೆಗೆ ಗುಡ್ಡ ಕಾಣುತ್ತದೆ.
ಕಡಲಂತೆ! ಎಲ್ಲಿಂದ ತರಲಿ ಅದರ ಉಪ್ಪು ನಾಲಿಗೆಗೆ?

ಒಂದು ಭಾನುವಾರ ಜೀಪು ಹತ್ತಿಸಿಕೊಂಡು ಹೋದ
ಮರಡಿಹಳ್ಳಿಯ ಬಂಡೆ ತೋರಿಸಲು.
ಕಲ್ಲು ಓದುವವರನ್ನು ಹನ್ನೆರಡು ವರ್ಷ ಹೊತ್ತು ತಿರುಗಿದವನು,
ಅವರ ಮಾತು ಅವನಲ್ಲಿ ಅರ್ಧಂಬರ್ಧ ಕೂತಿದೆ:
"ಇದು ಕಡಲ ತಳ ಆಗಿತ್ತಕ್ಕ. ದುರ್ಗ ಇಲ್ಲ, ಕೋಟೆ ಇಲ್ಲ,
ಮೀನು ಕೂಡ ಇನ್ನೂ ಹುಟ್ಟಿರಲಿಲ್ಲ.
ಕೆಳಗಿಂದ ಬೆಂಕಿ ಉಕ್ಕಿತು, ನೀರು ತಾಕಿದ್ದೇ ತಡ
ಮೇಲೆ ಸಿಪ್ಪೆ ಕಟ್ಟಿತು, ಒಳಗಿನ್ನೂ ಮೆತ್ತಗೆ..."
ನಾನು ಕೇಳುತ್ತಿರಲಿಲ್ಲ.
ದಿಂಬುಗಳು.
ಕರಿಹಸಿರು ಕಲ್ಲಿನ ದಿಂಬುಗಳು, ಒಂದರ ಮೇಲೊಂದು,
ಕೆಳಗಿನದರ ತಗ್ಗಿಗೆ ಮೇಲಿನದು ಹೊಟ್ಟೆ ಇಳಿಬಿಟ್ಟು,
ಸಂತೆಯ ಮುಂಚಿನ ರಾತ್ರಿ ನಾನು ಪೇರಿಸಿಟ್ಟ ಹಾಗೇ.
ಹೊಲಿಗೆ ಎಲ್ಲಿದೆ ಎಂದು ಬೆರಳಾಡಿಸಿದೆ.
"ಆ ದ್ವೀಪದ ಸುತ್ತ ಇವತ್ತೂ ಹಿಂಗೇ ಆಗ್ತಿರ್ತದಂತೆ," ಅಂದ.
"ನಮ್ಮದು ಹಳೇದು, ಅವರದು ಬಿಸಿ. ನೆಂಟರಲ್ವಾ ಮತ್ತೆ?"

ರಾತ್ರಿ ಮಲಗಿ ಮಾತು ತಿರುವಿ ತಿರುವಿ ನೋಡಿದೆ.
ಕೈಹಿಡಿದವನು, ಅಂದರೆ ಕಡಲು ಹಿಡಿದವನು,
ಗೊರಕೆ ಹೊಡೆಯುತ್ತಿದ್ದ.
ಕೈತುತ್ತು, ಕಡಲ ತುತ್ತು.
ಕೈಕೊಟ್ಟು ಓಡಿದಳಲ್ಲ ಚೀಟಿಯವಳು, ಕಡಲು ಕೊಟ್ಟು ಓಡಿದಳು,
ಹೋಗಲಿ, ಅಷ್ಟಾದರೂ ಕೊಟ್ಟಳು.
ಬರಿಗೈ.
ಬರೀ ಕಡಲು.
ನಗು ತಡೆಯಲಾಗದೆ ಎದ್ದು ನೀರು ಕುಡಿದೆ.

ತೊಟ್ಟಿಲ ದಿನ ಕಿವಿಗೆ ಬಾಯಿಟ್ಟೆ,
ಸುತ್ತ ಹೆಂಗಸರು, ವೀಳ್ಯದೆಲೆಯ ಮರೆ.
ಕುರ್‍ರ್ ಎಂದೆ,
ಕೈ, ಎಂದೆ,
ಅಷ್ಟರಲ್ಲಿ ಬೆನ್ನಿಗೊಂದು ಗುದ್ದು. ಶಾಸ್ತ್ರದ್ದೇ ಗುದ್ದು,
ಗುದ್ದಿದ್ದು ಮಾತ್ರ ಬಾಣಂತಿಯ ತಂಗಿ, ಕಬಡ್ಡಿ ಆಡುವವಳು.
ಕೆಮ್ಮು ಹತ್ತಿತು.
ನಿಲ್ಲುವ ಹೊತ್ತಿಗೆ ಸಕ್ಕರೆ ಹಂಚಿ ಆಗಿತ್ತು,
ಎಲ್ಲರೂ ಕೂಗುತ್ತಿದ್ದರು ಹೆಸರು, ತಂತಮಗೆ ತೋಚಿದ ಹಾಗೆ.
ಕಿವಿಗೆ ಬಿದ್ದದ್ದು ಅರ್ಧ ಎಂದು ಗೊತ್ತಿರುವುದು
ನನಗೂ ಅವಳಿಗೂ.

ಇರಲಿ.
ಇಲ್ಲಿ ಇಲ್ಲದ್ದನ್ನೇ ಮೊದಲು ಕೊಟ್ಟೆ.
ಬಾನಿಗೇನು ಬರ ನಮ್ಮಲ್ಲಿ?
ಗುಡ್ಡದ ಗಾಳಿಯಂತ್ರಗಳು ಹಗಲೂ ರಾತ್ರಿ ಅದನ್ನೇ ಕಡೆಯುತ್ತವೆ,
ಬೆಣ್ಣೆ ಬಂದದ್ದು ಯಾರೂ ಕಂಡಿಲ್ಲ.
ನಡೆಯಲು ಕಲಿಯಲಿ,
ಹವಾಯಿ ಚಪ್ಪಲಿ ಕೊಡಿಸಿ ಬಂಡೆಗೆ ಕರೆದೊಯ್ದು
ಕಲ್ಲ ದಿಂಬಿಗೆ ತಲೆಯಿಡಿಸಿ ಅಂಗಾತ ಮಲಗಿಸಿ
ಉಳಿದರ್ಧ ಹೇಳುತ್ತೇನೆ.

ಅಲ್ಲಿಯ ತನಕ ಅವಳು ಬರೀ ಕಡಲು.
ತೊಟ್ಟಿಲ ಬಟ್ಟೆ
ದಿನಕ್ಕೆ ಹನ್ನೊಂದು ಸಲ ಒದ್ದೆ.